ಎಂವಿಪಿ ಕಾಲೋನಿಯ ಲೈನು

ನೆಟ್ ಹಾಕುವವನು ಊಟದ ಹೊತ್ತಿಗೆ ಬರುತ್ತೇನೆ ಅಂದಿದ್ದ. ಯಾರ ಊಟದ ಹೊತ್ತಿಗೆ ಅಂತ ಕೇಳಿಕೊಳ್ಳದೇ ಇದ್ದದ್ದು ತನ್ನದೇ ತಪ್ಪು ಎಂದು ಚಂದ್ರಮೌಳಿಗೆ ಈಗ ಅನ್ನಿಸತೊಡಗಿತು. ಬ್ಯಾಂಕಿನ ಬ್ರಾಂಚಿನಲ್ಲಿ ಶನಿವಾರದ ಜನಜಂಗುಳಿಯನ್ನು ಬಿಟ್ಟು, ಅರ್ಧ ದಿನ ರಜೆ ಹಾಕಿ, ಮೆಸ್ಸಿನಲ್ಲಿ ಮಜ್ಜಿಗೆ ಬರುವುದಕ್ಕೂ ಕಾಯದೆ ಎದ್ದು ಓಡಿಬಂದು, ಬಿಚ್ಚದ ರಟ್ಟಿನ ಡಬ್ಬದ ಮೇಲೆ ಹೀಗೆ ಗೋಡೆ ನೋಡುತ್ತ ಕೂರುವ ಕರ್ಮ ಯಾರಿಗೆ ಬೇಕಾಗಿತ್ತು! ಭವಾನಿಪುರದ ಈ ಮೂರನೇ ಮಹಡಿಯ ಮನೆಗೆ ಬಂದು ಎರಡು ಮೂರು ತಿಂಗಳಾದರೂ ಅವನು ಒಂದು ಕುರ್ಚಿ ತಂದಿರಲಿಲ್ಲ. ಕುರ್ಚಿ ತಂದರೆ ಇಲ್ಲೇ ಇರುತ್ತೇನೆ ಅಂತ ಒಪ್ಪಿಕೊಂಡ ಹಾಗೆ. ಕೃಷ್ಣಾ ನದಿಯ ಕಡೆಯಿಂದ ಗಾಳಿ ಧಾರಾಳವಾಗಿ ಬರುತ್ತಿತ್ತು, ಅದೊಂದಕ್ಕೆ ಕೊರತೆಯಿಲ್ಲ. ಆದರೆ ಮನೆಯೊಳಗೆ ಮೊಬೈಲಿನ ಸಿಗ್ನಲ್ ಮಾತ್ರ ಕಾಲಿಡುತ್ತಿರಲಿಲ್ಲ. ವಿಶಾಖಪಟ್ಟಣದ ಮನೆಗೆ ಫೋನು ಮಾಡಬೇಕೆಂದರೆ ಬಾಲ್ಕನಿಯ ಮೂಲೆಗೆ ಹೋಗಿ, ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ, ಕೆಳಗಿನ ಆಟೋಗಳ ಸದ್ದಿನ ಮಧ್ಯೆ ನಿಲ್ಲಬೇಕು. ಎದುರು ಮನೆಯ ಹೆಂಗಸು ಬಟ್ಟೆ ಹಿಂಡುತ್ತ ತನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಿ ಅವನ ಮಾತು ಗಿಡ್ಡವಾಗುತ್ತಿತ್ತು. ಹೆಂಡತಿ ಪಾರ್ವತಿ ಆ ಕಡೆಯಿಂದ ಏನೇನೋ ಹೇಳುತ್ತಿದ್ದಳು. ಇವನು ಹೂಂ ಅನ್ನುತ್ತಿದ್ದ. ಊಟ ಆಯ್ತಾ ಅಂದರೂ ಹೂಂ, ನಲ್ಲಿ ರಿಪೇರಿ ಮಾಡಿಸಿದೆ ಅಂದರೂ ಹೂಂ.

ಇವತ್ತು ಆರು ಗಂಟೆಯೊಳಗೆ ನೆಟ್ ಬರಲೇಬೇಕಿತ್ತು. ಆರಕ್ಕೆ ಪಾರ್ವತಿಯ ತರಗತಿ. ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿರುವ ಕನ್ನಡದವರ ಮಕ್ಕಳಿಗೆ ಅವಳು ಪ್ರತಿ ಶನಿವಾರ ಸಂಜೆ ವೀಡಿಯೊದಲ್ಲಿ ಕನ್ನಡ ಓದಿಸುತ್ತಿದ್ದಳು. ಕನ್ನಡ ಸಂಘದವರು ಮೊದಲು ಕೇಳಿದಾಗ ಚಂದ್ರಮೌಳಿ ನಕ್ಕುಬಿಟ್ಟಿದ್ದ. ‘ಕನಸಲ್ಲೂ ತೆಲುಗು ಮಾತಾಡೋ ಮಕ್ಕಳಿಗೆ ಒತ್ತಕ್ಷರ ಕಟ್ಕೊಂಡು ಏನಾಗಬೇಕು, ನಿನಗೆ ಬೇರೆ ಕೆಲಸ ಇಲ್ವಾ?’ ಬೇರೆ ಕೆಲಸ ಇರಲಿಲ್ಲ ನಿಜ. ಆದರೆ ಆ ನಗು ಬೇಕಾಗಿರಲಿಲ್ಲ. ಒಮ್ಮೆಯಂತೂ ತರಗತಿ ನಡೆಯುತ್ತಿರುವಾಗಲೇ ಪೇಪರು ಹುಡುಕಿಕೊಂಡು ಬನಿಯನ್ನಿನಲ್ಲೇ ಅವಳ ಬೆನ್ನ ಹಿಂದೆ ಹಾದುಹೋಗಿದ್ದ. ಹಿಮಬಿಂದು ಅನ್ನುವ ಪುಟ್ಟ ಹುಡುಗಿ ಓದುತ್ತ ಓದುತ್ತ ಒಂದು ಪದಕ್ಕೆ ತಡವರಿಸಿ ನಿಂತಿದ್ದಳು. ಚಂದ್ರಮೌಳಿ ಹಿಂದಿನಿಂದ ಆ ಪದವನ್ನು ಜೋರಾಗಿ ಎತ್ತಿಕೊಟ್ಟ. ಅದು ಅವನ ಹಳೆಯ ಚಾಳಿ. ಕೌಂಟರಿನ ಮುಂದೆ ಗಿರಾಕಿ ಎರಡು ಸಲ ಅಅ ಅಂದರೆ ಸಾಕು, ಉಳಿದ ವಾಕ್ಯ ಇವನೇ ಮುಗಿಸಿಬಿಡುತ್ತಾನೆ. ಪರದೆಯ ಮೇಲೆ ಮಕ್ಕಳೆಲ್ಲ ಕಿಸಕ್ಕನೆ ನಕ್ಕವು, ಹಿಮಬಿಂದು ತನ್ನ ಕ್ಯಾಮೆರಾ ಆರಿಸಿಬಿಟ್ಟಳು, ಮತ್ತೆ ಕೆಲವು ವಾರ ಅವಳ ಪತ್ತೆಯೇ ಇರಲಿಲ್ಲ. ಪಾರ್ವತಿ ಅವತ್ತು ಸಾರಿನ ಪಾತ್ರೆಯನ್ನು ಸ್ವಲ್ಪ ಜೋರಾಗಿ ಕೆಳಗಿಟ್ಟಳು, ಅಷ್ಟೆ.

ಈ ಶನಿವಾರ ಮಕ್ಕಳು ತಾವೇ ಬರೆದದ್ದನ್ನು ಓದುವವರಿದ್ದರು. ಕರ್ನಾಟಕದಲ್ಲಿರುವ ಅಜ್ಜ ಅಜ್ಜಿಯಂದಿರೂ ಸೇರಿಕೊಂಡು ಕೇಳುತ್ತಾರಂತೆ. ಅವಳು ಸೋಮವಾರವೇ ಕೇಳಿದ್ದಳು, ‘ಈ ವಾರ ಬರ್ತೀರಾ?’ ಅಂತ. ‘ನೆಟ್‌ನವನು ಶನಿವಾರವೇ ಬರೋದಂತೆ ಕಣೆ’ ಅಂದಿದ್ದ. ‘ಸರಿ ಬಿಡಿ’ ಎಂದಳು. ಆ ಸರಿ ಬಿಡಿಯಲ್ಲಿ ಬೇಸರವಿತ್ತೋ ಇಲ್ಲವೋ ಆಟೋಗಳ ಸದ್ದಿನಲ್ಲಿ ತಿಳಿಯಲಿಲ್ಲ. ಬೇಸರ ಇರಲಿ ಎಂದು ಅವನು ಆಸೆಪಟ್ಟದ್ದಂತೂ ಹೌದು. ಆದದ್ದಾಗಲಿ, ಹೇಳದೆ ಕೇಳದೆ ಇಲ್ಲಿಂದಲೇ ತರಗತಿಗೆ ಸೇರಿಕೊಂಡರೆ? ಆ ಪುಟ್ಟ ಪುಟ್ಟ ಮುಖಗಳ ನಡುವೆ ತನ್ನ ಮುಖವೂ ಇದ್ದಕ್ಕಿದ್ದಂತೆ ಮೂಡಿದರೆ ಪಾರ್ವತಿ ಏನು ಮಾಡಬಹುದು? ಸೆರಗು ಸರಿಮಾಡಿಕೊಳ್ಳುತ್ತಾಳೆ, ಒಂದು ಕ್ಷಣ ಮಾತು ತಡವರಿಸುತ್ತಾಳೆ. ಅವಳು ತನ್ನಿಂದಾಗಿ ಮಾತು ತಡವರಿಸಿ ಎಷ್ಟು ವರ್ಷವಾಯಿತು! ಅದೊಂದನ್ನು ನೋಡಬೇಕು ಅನ್ನುವ ಹಂಬಲ ಅವನೊಳಗೆ ವಾರವಿಡೀ ಹಲ್ಲುನೋವಿನ ಹಾಗೆ ಮಿಡಿಯುತ್ತಿತ್ತು. ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿಯೊಂದನ್ನು ಮೊಳೆಗೆ ತೂಗುಹಾಕಿದ್ದ.

ನಾಲ್ಕು ದಾಟಿದ ಮೇಲೆ ಬೆಲ್ಲು ಹೊಡೆದುಕೊಂಡಿತು. ಬಾಗಿಲಲ್ಲಿ ಕಪ್ಪು ಅಂಗಿ, ಕಪ್ಪು ಪಂಚೆ, ಹಣೆಯ ತುಂಬ ಗಂಧ, ಕೊರಳಲ್ಲಿ ತುಳಸಿಮಾಲೆ, ಬರಿಗಾಲು. ಹೆಗಲ ಮೇಲೆ ಕೇಬಲಿನ ಸುರುಳಿ ಇಲ್ಲದಿದ್ದರೆ ಯಾರೋ ಚಂದಾ ಕೇಳಲು ಬಂದವರು ಅಂದುಕೊಳ್ಳುತ್ತಿದ್ದ. ‘ಕಿರಣ್ ಅಂಡಿ, ಇಂಟರ್ನೆಟ್’ ಅಂದ ಬಂದವನು. ತನ್ನ ವಯಸ್ಸಿನವನೇ, ಮೀಸೆ ನರೆತಿತ್ತು. ಅಯ್ಯಪ್ಪನ ಮಾಲೆ ಹಾಕಿದವರನ್ನು ಸ್ವಾಮಿ ಅನ್ನಬೇಕು, ಅವರೂ ಎದುರಿನವರನ್ನು ಸ್ವಾಮಿ ಅನ್ನುತ್ತಾರೆ. ಇಷ್ಟು ವರ್ಷ ಆಂಧ್ರದಲ್ಲಿದ್ದು ಅದು ಚಂದ್ರಮೌಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಯಾಕಿಷ್ಟು ತಡ ಅಂತ ಗದರಲು ಸಿದ್ಧಮಾಡಿಟ್ಟುಕೊಂಡಿದ್ದ ಮಾತೆಲ್ಲ ಸ್ವಾಮಿ ಅನ್ನುವ ಶಬ್ದದ ಹಿಂದೆ ಬರಲೊಲ್ಲದೆ ಗಂಟಲಲ್ಲೇ ಉಳಿಯಿತು. ‘ರಂಡಿ ಸ್ವಾಮಿ, ರಂಡಿ’ ಎಂದು ಒಳಗೆ ಕರೆದ. ಕರೆದವನೇ ಅಡುಗೆಮನೆಗೆ ಹೋಗಿ ಎರಡು ಲೋಟ ಕಾಫಿ ಮಾಡಿ ತಂದ. ಈ ಮನೆಯಲ್ಲಿ ಮೊದಲ ಸಲ ಎರಡು ಲೋಟ ಕಾಫಿ ಆಗಿತ್ತು. ಕಿರಣ್ ಕೈಮುಗಿದು, ದೀಕ್ಷೆಯಲ್ಲಿದ್ದೇನೆ ಸ್ವಾಮಿ, ಹೊರಗೆ ಏನೂ ಕುಡಿಯುವುದಿಲ್ಲ ಎಂದ. ಇದೂ ಗೊತ್ತಿದ್ದದ್ದೇ, ಆದರೂ ಮರೆತಿದ್ದ. ‘ಪರವಾಲೇದು ಪರವಾಲೇದು’ ಎಂದು ಚಂದ್ರಮೌಳಿ ನಕ್ಕು ತನ್ನ ಲೋಟ ಮುಗಿಸಿದ, ಆಮೇಲೆ ಅವನಿಗೆ ಬೆನ್ನು ಮಾಡಿ ನಿಂತು ಇನ್ನೊಂದನ್ನೂ ಕುಡಿದ.

ಗೋಡೆ ಕೊರೆಯುವ ಸದ್ದು ಕೇಳಿದ್ದೇ ಕೆಳಗಿನಿಂದ ಮನೆಯ ಯಜಮಾನಿ ಕಮಲಾ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಹೊಸ ಬಣ್ಣ ಬಳಿದ ಗೋಡೆಯ ತೂತನ್ನೂ ನೆಲದ ಮೇಲಿನ ಕೆಂಪು ಪುಡಿಯನ್ನೂ ನೋಡಿ, ಬೈಯಲು ಮಾಲೆ ಹಾಕಿದವನು ಒದಗದ ಕಾರಣ ಚಂದ್ರಮೌಳಿಯ ಕಡೆ ತಿರುಗಿದರು. ‘ಫ್ಯಾಮಿಲಿ ಎಪ್ಪುಡು ವಸ್ತಾರಂಡಿ?’ ಸಂಸಾರ ಯಾವಾಗ ಬರುತ್ತದೆ? ಈ ಪ್ರಶ್ನೆಯನ್ನು ಅವರು ನೀರಿನ ಮೋಟಾರು ಹಾಕುವಾಗಲೂ ಕೇಳುತ್ತಿದ್ದರು, ಗೇಟಿನಲ್ಲಿ ಸಿಕ್ಕಾಗಲೂ ಕೇಳುತ್ತಿದ್ದರು. ಒಂಟಿ ಗಂಡಸಿಗೆ ಮನೆ ಕೊಡುವುದಿಲ್ಲ ಅಂದದ್ದಕ್ಕೆ ಅವನು ಮುಂದಿನ ತಿಂಗಳೇ ಬರುತ್ತಾರೆ ಅಂತ ಸುಳ್ಳು ಹೇಳಿದ್ದ. ‘ವಚ್ಚೇ ನೆಲ ವಸ್ತಾರಂಡಿ’ ಎಂದು ಅದನ್ನೇ ಈಗಲೂ ಹೇಳಿದ. ಮುಂದಿನ ತಿಂಗಳು ಅನ್ನುವುದಕ್ಕೆ ಒಂದು ಅನುಕೂಲವಿದೆ, ಅದು ಎಂದೂ ಮುಗಿಯುವುದಿಲ್ಲ. ನಿಜ ಹೇಳಬೇಕೆಂದರೆ ಈ ಸಲ ವರ್ಗದ ಆರ್ಡರು ಬಂದಾಗ ಪಾರ್ವತಿ ಡಬ್ಬ ಕಟ್ಟಲು ಏಳಲೇ ಇಲ್ಲ. ಮಗಳು ಅಮೂಲ್ಯಳದು ಡಿಗ್ರಿ ಕೊನೆಯ ವರ್ಷ, ಅದು ಮುಗೀಲಿ ಎಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ನನಗೂ ಇಲ್ಲಿ ಅಭ್ಯಾಸ ಆಗಿದೆ ರೀ’ ಎಂದಳು. ಕಿರಣ್ ಸ್ಕ್ರೂ ತಿರುಗಿಸುತ್ತಲೇ ಅಡುಗೆಮನೆಯ ಒಂದೇ ತಟ್ಟೆಯನ್ನೂ ಹಗ್ಗದ ಮೇಲಿನ ಒಂದೇ ಟವೆಲನ್ನೂ ನೋಡಿದ.

ಒಟಿಪಿ ಬರಬೇಕಾಗಿದ್ದರಿಂದ ಚಂದ್ರಮೌಳಿ ಬಾಲ್ಕನಿಗೆ ಓಡಿದ. ಅಲ್ಲಿಂದ ಅಂಕಿಗಳನ್ನು ಮನೆಯುದ್ದಕ್ಕೂ ಕೂಗಿ ಹೇಳಿದ. ಎದುರು ಮನೆಯ ಹೆಂಗಸು ತಿರುಗಿ ನೋಡಿದಳು, ನೋಡಲಿ. ಬಿಳಿಯ ಪೆಟ್ಟಿಗೆಯ ಮೇಲೆ ಹಸಿರು ದೀಪ ಮಿಣುಕಿ ನಿಂತಿತು. ಹೆಸರೇನು ಇಡಲಿ ಸ್ವಾಮಿ ಎಂದು ಕಿರಣ್ ಕೇಳಿದಾಗ, ವಿಶಾಖಪಟ್ಟಣದ ಮನೆಯಲ್ಲಿ ಅಮೂಲ್ಯ ಇಟ್ಟಿದ್ದ ಹೆಸರನ್ನೇ ಹೇಳಿದ, ಮೌಳಿಹೋಮ್. ಪಾಸ್‌ವರ್ಡ್ ಕೂಡ ಅಲ್ಲಿಯದೇ. ಹೇಳಿ ಮುಗಿಸುವಷ್ಟರಲ್ಲಿ ಅವನ ಫೋನು ಯಾರೂ ಮುಟ್ಟದೆ ತಾನಾಗಿಯೇ ನೆಟ್ಟಿಗೆ ಸೇರಿಕೊಂಡಿತು. ಅಯ್ಯೋ ಮುಂಡೇದೇ, ನಿನಗೆ ಗುರುತು ಸಿಕ್ಕಿತಲ್ಲ ಅಂತ ಅವನಿಗೆ ಎಂಥದೋ ಖುಷಿಯಾಗಿ ಫೋನನ್ನು ಅಂಗೈಯಲ್ಲಿ ಸವರಿದ. ಇನ್ನೂ ಐದೂವರೆ. ಮುಖ ತೊಳೆದು ಅಂಗಿ ಹಾಕಿಕೊಳ್ಳಲು ಬೇಕಾದಷ್ಟು ಹೊತ್ತಿತ್ತು.

‘ಷಿಫ್ಟಿಂಗ್ ಐಪೋಯಿಂದಿ ಸ್ವಾಮಿ’ ಎಂದ ಕಿರಣ್, ಉಳಿದ ಕೇಬಲು ಸುತ್ತುತ್ತ. ‘ವೈಜಾಗ್‌ದಿ ಆಫ್ ಐಪೋಯಿಂದಿ.’

ಚಂದ್ರಮೌಳಿಗೆ ಮೊದಲು ತಲೆಗೆ ಹೋಗಲಿಲ್ಲ. ಏನು ಆಫ್ ಆಯಿತು? ಕಿರಣ್ ತನ್ನ ಫೋನನ್ನೇ ತಿರುಗಿಸಿ ತೋರಿಸಿದ. ಹಳೆಯ ವಿಳಾಸ ವಿಶಾಖಪಟ್ಟಣದ ಎಂವಿಪಿ ಕಾಲೋನಿ, ಹೊಸ ವಿಳಾಸ ಭವಾನಿಪುರಂ. ನೀವು ಕೇಳಿದ್ದು ಹೊಸ ಕನೆಕ್ಷನ್ ಅಲ್ಲವಲ್ಲ ಸ್ವಾಮಿ, ಷಿಫ್ಟಿಂಗ್, ಇಲ್ಲಿ ಹತ್ತಿಕೊಂಡರೆ ಅಲ್ಲಿ ಆರುತ್ತದೆ ಎಂದು ಸಮಾಧಾನವಾಗಿಯೇ ವಿವರಿಸಿದ. ಬ್ರಾಂಚಿನಲ್ಲಿ ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡೇ ಆ್ಯಪಿನಲ್ಲಿ ಒತ್ತಿದ್ದು ನೆನಪಾಯಿತು, ಬೆರಳು ತನ್ನಷ್ಟಕ್ಕೆ ತಾನೇ ಷಿಫ್ಟಿಂಗ್ ಅನ್ನುವುದರ ಮೇಲೆ ಹೋಗಿ ಕೂತಿತ್ತು. ಹೋಗದೆ ಇನ್ನೇನು! ಹಿರಿಯೂರಿನಿಂದ ಬಳ್ಳಾರಿಗೆ, ಬಳ್ಳಾರಿಯಿಂದ ಕರ್ನೂಲಿಗೆ, ಕರ್ನೂಲಿನಿಂದ ವಿಶಾಖಪಟ್ಟಣಕ್ಕೆ ಅವನು ಆಯುಷ್ಯವೆಲ್ಲ ಮಾಡಿದ್ದು ಅದೊಂದೇ. ಗ್ಯಾಸು ಷಿಫ್ಟಿಂಗ್, ಫೋನು ಷಿಫ್ಟಿಂಗ್, ಅಮೂಲ್ಯಳ ಸ್ಕೂಲಿನ ಟಿಸಿ, ಲಾರಿಯ ಹಿಂದೆ ತುಳಸಿಗಿಡದ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ ಪಾರ್ವತಿ. ವರ್ಗ ಅಂದರೆ ಮನೆಯೇ ಎದ್ದು ಹೊರಡುವುದು. ಈ ಸಲ ಎದ್ದು ಹೊರಟದ್ದು ತಾನೊಬ್ಬನೇ ಅನ್ನುವುದನ್ನು ಯಾರೂ ಆ ಬೆರಳಿಗೆ ಹೇಳಿರಲಿಲ್ಲ.

ಪಾರ್ವತಿಗೆ ಫೋನು ಹಚ್ಚಿದ. ಇಷ್ಟು ಹೊತ್ತೂ ಕಾದು ಕಾದು ತರಿಸಿಕೊಂಡ ಹೊಚ್ಚ ಹೊಸ ನೆಟ್ಟಿನಲ್ಲೇ ವೀಡಿಯೊ ಕಾಲ್ ಮಾಡಿದ. ಆ ಕಡೆ ರಿಂಗೇ ಆಗಲಿಲ್ಲ. ಆಗುವುದೆಲ್ಲಿಂದ, ತಾನೇ ಕತ್ತರಿಸಿ ಹಾಕಿದ್ದಲ್ಲವೇ? ಬಾಲ್ಕನಿಗೆ ಓಡಿ ಸಾದಾ ಕಾಲ್ ಮಾಡಿದರೆ ಸ್ವಿಚ್ ಆಫ್. ಅಮೂಲ್ಯಳದು ಬಿಜಿ. ಮತ್ತೆ ಮಾಡಿದ, ಮತ್ತೆ ಬಿಜಿ. ಈಗ ಪಾರ್ವತಿ ಲ್ಯಾಪ್‌ಟಾಪಿನ ಮುಂದೆ ಕೂತು ಪರದೆಯನ್ನೇ ನೋಡುತ್ತಿರುತ್ತಾಳೆ, ಬಟನ್ನು ಒತ್ತಿ ಒತ್ತಿ ಸೋತಿರುತ್ತಾಳೆ, ಅಜ್ಜಿಯಂದಿರು ಕನ್ನಡಕ ಹಾಕಿಕೊಂಡು ಕಾಯುತ್ತಿರುತ್ತಾರೆ, ಮಕ್ಕಳು ಬರೆದ ಹಾಳೆ ಹಿಡಿದುಕೊಂಡು ಕೂತಿರುತ್ತವೆ. ನಕ್ಕದ್ದು ಸಾಲದು ಅಂತ, ಬನಿಯನ್ನಿನಲ್ಲಿ ಹಾದುಹೋದದ್ದು ಸಾಲದು ಅಂತ ಇದೂ ಒಂದು. ಬೇಕಂತಲೇ ಮಾಡಿದರು ಅಂದುಕೊಂಡರೆ? ಅಂದುಕೊಳ್ಳುವುದೇನು, ಒಳಗೆಲ್ಲೋ ಬೇಕಂತಲೇ ಮಾಡಿದ್ದಲ್ಲವೆಂದು ಎದೆ ಮುಟ್ಟಿ ಹೇಳಲು ಅವನಿಗಾದರೂ ಧೈರ್ಯವಿತ್ತೇ? ಅವಳಿಗೆ ಅಲ್ಲಿ ಅಭ್ಯಾಸವಾಗಿದೆ ಅಂದದ್ದು ಅವನನ್ನು ಎಷ್ಟು ಚುಚ್ಚಿತ್ತು ಅನ್ನುವುದು ಅವನೊಬ್ಬನಿಗೇ ಗೊತ್ತು.

‘ಸ್ವಾಮಿ, ವಾಪಸ್ ಮಾಡಿಬಿಡಿ’ ಎಂದು ತೆಲುಗಿನಲ್ಲಿ ಗೋಗರೆದ. ‘ಇಲ್ಲಿ ಬೇಡವೇ ಬೇಡ, ಕಿತ್ತುಕೊಂಡು ಹೋಗಿ. ಅಲ್ಲಿ ಹತ್ತಿಸಿ ಸಾಕು.’

ಕಿರಣ್ ಬಾಗಿಲಲ್ಲಿ ನಿಂತು ತಲೆಯಾಡಿಸಿದ. ‘ಸಿಸ್ಟಮ್ ತೀಸುಕೋದು ಸ್ವಾಮಿ.’ ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ. ಅಲ್ಲಿಗೆ ಹೊಸ ಅರ್ಜಿ ಹಾಕಿ, ಸೋಮವಾರ ಯಾರಾದರೂ ಬರುತ್ತಾರೆ ಎಂದ. ಪಾಸ್‌ಬುಕ್ಕು ಹಿಡಿದುಕೊಂಡು ಬೇಡುವ ಮುದುಕಿಯರಿಗೆ ಚಂದ್ರಮೌಳಿ ಬ್ಯಾಂಕಿನಲ್ಲಿ ದಿನಾ ಹೇಳುವ ಮಾತು ಇದೇ, ಇದೇ ಸಮಾಧಾನದ ದನಿಯಲ್ಲಿ. ಕಿರಣ್‌ಗೆ ಸಂಜೆಯ ಪೂಜೆಗೆ ಹೊತ್ತಾಗುತ್ತಿತ್ತು. ‘ಸ್ವಾಮಿಯೇ ಶರಣಂ’ ಎಂದು ಹೊರಟೇಹೋದ. ಬರಿಗಾಲಿನ ಸದ್ದು ಮೆಟ್ಟಿಲ ಮೇಲೆ ಕೇಳಿಸಲೂ ಇಲ್ಲ.

ಆಗ ಫೋನು ಬಡಿದುಕೊಂಡಿತು. ಅಮೂಲ್ಯ.

‘ಏನಪ್ಪಾ ಇಷ್ಟೊಂದು ಮಿಸ್ಡ್ ಕಾಲು! ಹುಷಾರಾಗಿದ್ದೀಯಾ ತಾನೆ?’

‘ಅಮ್ಮನಿಗೆ ಕೊಡೇ. ತಪ್ಪಾಯ್ತು ಅಂತ ಹೇಳು. ನಾನೇ ಕಣೆ ಮಾಡಿದ್ದು, ಗೊತ್ತಾಗದೆ ಒತ್ತಿಬಿಟ್ಟೆ, ಈಗೇನ್ ಮಾಡ್ತಾಳೆ ಅವಳು...’

‘ಏನ್ ಒತ್ತಿದೆ? ಅಮ್ಮ ಕ್ಲಾಸಿಗೆ ಕೂರ್ತಿದ್ದಾಳೆ. ಫೋನ್ ಆಫ್ ಮಾಡಿ ಇಟ್ಟಿದ್ದಾಳೆ, ಯಾರೂ ಡಿಸ್ಟರ್ಬ್ ಮಾಡಬಾರದು ಅಂತ.’

‘ನೆಟ್ ಹೋಯ್ತಲ್ಲ.’

‘ಎಲ್ಲಿ ಹೋಯ್ತು? ಬರ್ತಾ ಇದೆ. ಆಗಲೇ ಎಷ್ಟು ಜನ ಬಂದಾಯ್ತು ಗೊತ್ತಾ?’

ಚಂದ್ರಮೌಳಿ ಬಾಲ್ಕನಿಯ ಕಂಬಿ ಹಿಡಿದುಕೊಂಡ. ಹೇಗೆ ಬರುತ್ತದೆ, ನಾನು ಲೈನನ್ನು ಇಲ್ಲಿಗೆ ತಂದುಬಿಟ್ಟಿದ್ದೇನಲ್ಲ ಅಂದ.

‘ಓ, ಹಳೇದಾ!’ ಅಮೂಲ್ಯ ನಕ್ಕಳು. ‘ಅದನ್ನ ದಸರಾದಾಗಲೇ ಬಿಟ್ವಲ್ಲಪ್ಪ. ಕೆಟ್ಟು ಹೋಗಿತ್ತು, ರಿಪೇರಿಗೆ ಒಟಿಪಿ ನಿನ್ನ ಫೋನಿಗೇ ಬರೋದು, ನೀನು ಯಾವಾಗ ಕೇಳಿದ್ರೂ ಮೀಟಿಂಗು. ಅಮ್ಮ ತನ್ನ ಹೆಸರಲ್ಲಿ ಬೇರೆ ಹಾಕಿಸಿಕೊಂಡಳು. ನಿನಗೆ ಹೇಳಿದ್ದಳಲ್ಲ, ನಾನು ಪಕ್ಕದಲ್ಲೇ ಇದ್ದೆ. ನೀನು ಹೂಂ ಅಂದೆ.’

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

‘ಪರವಾಲೇದಪ್ಪಾ, ಏನೂ ಆಗಿಲ್ಲ. ಮುಂದಿನ ಸಲ ಬಂದಾಗ ಹೊಸ ಪಾಸ್‌ವರ್ಡ್ ನಾನು ಹಾಕ್ಕೊಡ್ತೀನಿ, ಅಮ್ಮನಿಗೆ ನೆನಪಿರಲ್ಲ. ಇಡ್ತೀನಿ, ಅಮ್ಮನಿಗೆ ಬೋರ್ಡ್ ಹಿಡ್ಕೋಬೇಕು.’

ದೀಪಾವಳಿಗೆ ಹೋಗಿದ್ದನಲ್ಲ! ಎರಡು ದಿನ ಹಾಲಿನಲ್ಲೇ ಕೂತಿದ್ದ. ಡೇಟಾ ಮುಗಿಯುತ್ತ ಬಂತು ಅಂತ ಫೋನು ಮತ್ತೆ ಮತ್ತೆ ಹೇಳಿತ್ತು, ಹಬ್ಬದಲ್ಲಿ ಎಲ್ಲರೂ ನೋಡುತ್ತಿರುತ್ತಾರೆ, ನೆಟ್ಟು ನಿಧಾನವಿರಬೇಕು ಅಂದುಕೊಂಡಿದ್ದ. ಟಿವಿಯ ಮೇಲೆ ಹಳೆಯ ಪೆಟ್ಟಿಗೆಯ ಕೆಂಪು ದೀಪ ಕಂಡಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಬಿಳಿಯ ಪೆಟ್ಟಿಗೆ, ಅದರ ಮೇಲೆ ಪಾರ್ವತಿ ಹೊಲಿದ ಪುಟ್ಟ ಬಟ್ಟೆ, ಅದೂ ಕಂಡಿತ್ತು. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಿರಲಿಲ್ಲ. ಈಗ ನೆಮ್ಮದಿಯಾಗಬೇಕಿತ್ತು. ತರಗತಿ ನಿಂತಿಲ್ಲ, ಅನಾಹುತವಾಗಿಲ್ಲ, ಯಾರೂ ಕಾಯುತ್ತಿಲ್ಲ. ಆದರೆ ಆಗಲಿಲ್ಲ. ಅಪರಾಧ ಮಾಡಿದ್ದೇನೆ ಎಂದು ಒದ್ದಾಡಿದ ಆ ಹೊತ್ತಿನಲ್ಲಿ ಅವನು ಮನೆಯ ಯಜಮಾನನಾಗಿದ್ದ, ಅವನ ಬೆರಳ ತುದಿಯಲ್ಲಿ ಆ ಮನೆಯ ಬೆಳಕಿತ್ತು. ಆ ತಪ್ಪೂ ಈಗ ಕೈಬಿಟ್ಟಿತು. ನೆಟ್ಟು ನಿಜಕ್ಕೂ ಹೋಗಿದ್ದರೆ ಚೆನ್ನಾಗಿತ್ತು, ಅವಳು ರೇಗಿ ಬೈದಿದ್ದರೆ ಚೆನ್ನಾಗಿತ್ತು ಎಂದು ಅನ್ನಿಸಿದ್ದಕ್ಕೆ ಅವನಿಗೆ ನಾಚಿಕೆಯಾಯಿತು.

ಆದರೂ ಇಸ್ತ್ರಿಯ ಅಂಗಿ ಹಾಕಿಕೊಂಡ. ಡಬ್ಬದ ಮೇಲೆ ಲ್ಯಾಪ್‌ಟಾಪು ಇಟ್ಟು ನೆಲದ ಮೇಲೆ ಕೂತು ಅವಳು ಎಂದೋ ಕಳಿಸಿದ್ದ ಲಿಂಕನ್ನು ಒತ್ತಿದ. ದಯವಿಟ್ಟು ಕಾಯಿರಿ ಅಂತ ಬಂತು. ಕಾದ. ಆಮೇಲೆ ಇದ್ದಕ್ಕಿದ್ದಂತೆ ತನ್ನ ಮನೆಯ ಹಾಲು ಕಣ್ಣೆದುರಿಗೆ ತೆರೆದುಕೊಂಡಿತು. ತಾನು ಕೂರುತ್ತಿದ್ದ ಕುರ್ಚಿಯ ಜಾಗದಲ್ಲಿ ಬೋರ್ಡು ನಿಂತಿತ್ತು, ಅದರ ಅಂಚಿನಲ್ಲಿ ಅಮೂಲ್ಯಳ ಬೆರಳುಗಳು. ಪಾರ್ವತಿ ಹಸಿರು ಮಂಗಳಗಿರಿ ಸೀರೆ ಉಟ್ಟಿದ್ದಳು. ಅದನ್ನು ಯಾವಾಗ ತಗೊಂಡಳೋ, ಅದಕ್ಕೂ ಹೂಂ ಅಂದಿರಬೇಕು.

‘ಬ್ರಾಂಚ್ ಮ್ಯಾನೇಜರ್ ಅಂತ ಯಾರೋ ಬಂದಿದ್ದೀರಿ’ ಎಂದಳು ಪಾರ್ವತಿ. ಬ್ಯಾಂಕಿನ ಮೀಟಿಂಗಿಗೆ ಹಾಕಿದ್ದ ಹೆಸರು ಹಾಗೇ ಉಳಿದುಬಿಟ್ಟಿತ್ತು. ‘ದಯವಿಟ್ಟು ಮೈಕ್ ಆಫ್ ಮಾಡ್ಕೊಳ್ಳಿ ಸರ್, ಫ್ಯಾನಿನ ಸದ್ದು ಬರ್ತಿದೆ. ಮಗು ಓದುತ್ತೆ.’ ಗೊತ್ತಾಗದೆ ಅಂದಳೋ, ಗೊತ್ತಿದ್ದೇ ಅಂದಳೋ. ಮುಖದಲ್ಲಿ ಏನೂ ಕಾಣಲಿಲ್ಲ, ಮಾತೂ ತಡವರಿಸಲಿಲ್ಲ. ಚಂದ್ರಮೌಳಿ ಮೈಕ್ ಆರಿಸಿದ. ಕ್ಯಾಮೆರಾ ಹತ್ತಿಸಲು ಹೋದ ಬೆರಳು ಹಿಂದಕ್ಕೆ ಬಂತು.

ಓದುತ್ತಿದ್ದವಳು ಹಿಮಬಿಂದು. ಅಮ್ಮಮ್ಮನ ಜೊತೆ ರೈತು ಬಜಾರಿಗೆ ಹೋದದ್ದನ್ನು ಬರೆದಿದ್ದಳು. ಬೆಂಡೆಕಾಯಿ ಮುರಿದು ನೋಡಿದರೆ ಮಾರುವವನು ಬೈದ, ಅಮ್ಮಮ್ಮ ಅವನಿಗೇ ತಿರುಗಿ ಬೈದರು, ಆಮೇಲೆ ಅವನು ಬೆಂಡೆಕಾಯಿಯನ್ನು ತ... ತ... ಹುಡುಗಿ ನಿಂತುಬಿಟ್ಟಳು. ಹಾಳೆಯನ್ನು ಕಣ್ಣಿನ ಹತ್ತಿರ ತಂದುಕೊಂಡಳು. ತಾನೇ ಬರೆದದ್ದು ತನಗೇ ಕೂಡಿಸಿ ಓದಲಾಗಲಿಲ್ಲ.

‘ತಕ್ಕಡಿ’ ಎಂದ ಚಂದ್ರಮೌಳಿ. ಖಾಲಿ ಮನೆಯಲ್ಲಿ ದನಿ ಗೋಡೆಗೆ ಬಡಿದು ವಾಪಸಾಯಿತು. ‘ತಕ್ಕಡಿ ಕಣಮ್ಮ, ತಕ್ಕಡಿಗೆ ಹಾಕಿದ.’ ಯಾರಿಗೂ ಕೇಳಲಿಲ್ಲ. ಯಾರೂ ನಗಲಿಲ್ಲ. ಪಾರ್ವತಿ ಕೆನ್ನೆಗೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದಳು, ತುಟಿಯಲ್ಲಿ ಸಣ್ಣ ನಗು, ಇಡೀ ಸಂಜೆ ಹೀಗೇ ಕೂತಿರಬಲ್ಲೆ ಅನ್ನುವ ಹಾಗೆ. ಅವಳು ಹೀಗೆ ಕಾಯುವುದನ್ನು ಅವನು ಇಷ್ಟು ವರ್ಷದಲ್ಲಿ ಒಂದು ದಿನವೂ ನೋಡಿರಲಿಲ್ಲ. ಕಾಯುವುದಕ್ಕೆ ಅವಳಿಗೆ ಪುರಸೊತ್ತು ಕೊಟ್ಟಿದ್ದರೆ ತಾನೆ.

‘ತ... ತಕ್... ತಕ್ಕಡಿಗೆ ಹಾಕಿದ!’

ಮಕ್ಕಳು ಚಪ್ಪಾಳೆ ತಟ್ಟಿದವು. ಯಾರದೋ ಮನೆಯ ಅಜ್ಜಿ ಕಣ್ಣೊರೆಸಿಕೊಂಡಳು.

‘ನೋಡ್ದಾ ಪುಟ್ಟಿ?’ ಎಂದಳು ಪಾರ್ವತಿ. ‘ಯಾರೂ ಹೇಳಿಕೊಡದೇನೇ ಬಂತು.’

‘ಹೂಂ’ ಅಂದ ಚಂದ್ರಮೌಳಿ.